ಕನ್ನಡ ತೆರೆಗೆ ಬಣ್ಣ ತಂದ ಮಾಗಡಿಯ ರಂಗಾ

ಹಾಸನ ಜಿಲ್ಲೆಯಲ್ಲಿ ಜಕಣಾಚಾರಿಯ ಕಥೆಯನ್ನು ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಬೇಲೂರಿನಲ್ಲಿ ವಿಗ್ರಹ ಸಿದ್ಧವಾಗಿದ್ದಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ಆ ಶಿಲೆಯಲ್ಲಿ ದೋಷವಿದೆ ಎಂದದ್ದು, ಮೈಗೆಲ್ಲ ಗಂಧ ಲೇಪಿಸಿದಾಗ ಹೊಕ್ಕುಳ ಭಾಗವೊಂದೇ ಒಣಗದೆ ಉಳಿದದ್ದು, ಅಲ್ಲಿ ಉಳಿಯಿಟ್ಟಾಗ ನೀರು, ಮರಳಿನೊಡನೆ ಕಪ್ಪೆ ಹೊರಬಂದದ್ದು, ಮಾತಿಗೆ ತಪ್ಪದ ಶಿಲ್ಪಿ ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು, ಆ ಹುಡುಗ ಅವನ ಮಗ ಡಂಕಣನೇ ಎಂದು ತಿಳಿದುಬಂದದ್ದು- ಇವೆಲ್ಲ ಸಕಲೇಶಪುರದ ಕಾಫಿ ತೋಟಗಳಿಂದ ಹಿಡಿದು ಕೊಡಗಿನ ಗಡಿಗೆ ಹತ್ತಿರದ ಯಸಳೂರಿನ ಹಳ್ಳಿಗಳವರೆಗೆ ಅಜ್ಜಿಯರ ಬಾಯಲ್ಲಿ ಸಾಗಿಬಂದ ಸಂಗತಿಗಳು. 1964ರಲ್ಲಿ ಈ ಕಥೆ ಬಣ್ಣದಲ್ಲಿ ತೆರೆಯ ಮೇಲೆ ಬಂದಿತು. ಚಿತ್ರದ ಹೆಸರು ‘ಅಮರಶಿಲ್ಪಿ ಜಕಣಾಚಾರಿ’. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರವೆಂದು ಚಿತ್ರರಂಗದ ಇತಿಹಾಸ ಗುರುತಿಸುವುದು ಇದನ್ನೇ.

ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಬಿ.ಎಸ್. ರಂಗಾ. ಚಿತ್ರದ ಹೆಸರು ಇಂದಿಗೂ ರಸಪ್ರಶ್ನೆಗಳಲ್ಲಿ ಬರುತ್ತದೆ. ನಿರ್ದೇಶಕರ ಹೆಸರು ಅಷ್ಟಾಗಿ ಬರುವುದಿಲ್ಲ. ಅವರು ಮೂಲತಃ ಛಾಯಾಗ್ರಾಹಕರು ಎಂಬುದನ್ನು ಬಲ್ಲವರಂತೂ ಇನ್ನೂ ಕಡಿಮೆ. ಆದರೆ ಕನ್ನಡಕ್ಕೆ ಬಣ್ಣ ಬಂದ ರೀತಿ ಅರ್ಥವಾಗಬೇಕಾದರೆ ಮೊದಲು ಅವರ ಆ ಕಸುಬನ್ನೇ ನೋಡಬೇಕು.

ಮಾಗಡಿಯಿಂದ ಮದರಾಸಿಗೆ

ಬಿಂಡಿಗನವಿಲೆ ಶ್ರೀನಿವಾಸ ಅಯ್ಯಂಗಾರ್ ರಂಗಾ ಜನಿಸಿದ್ದು 1917ರಲ್ಲಿ, ಬೆಂಗಳೂರಿಗೆ ಸಮೀಪದ ಮಾಗಡಿಯಲ್ಲಿ. ಬಾಲ್ಯದಲ್ಲೇ ಅವರನ್ನು ಸೆಳೆದದ್ದು ಸ್ಥಿರಚಿತ್ರದ ಕ್ಯಾಮೆರಾ. ಹದಿಹರೆಯದಲ್ಲಿ ಅವರು ತೆಗೆದ ಛಾಯಾಚಿತ್ರಗಳು ಲಂಡನ್ನಿನ ಪ್ರದರ್ಶನದವರೆಗೂ ಹೋಗಿ ಬಂದವು. ಕ್ಯಾಮೆರಾ ಎಂಬುದು ಉಳ್ಳವರ ಹವ್ಯಾಸವಾಗಿದ್ದ ಕಾಲ ಅದು. ಹವ್ಯಾಸವನ್ನು ಹೊಟ್ಟೆಪಾಡಿನ ವೃತ್ತಿಯಾಗಿಸಿಕೊಳ್ಳಬೇಕಾದರೆ ಮೈಸೂರು ಸಂಸ್ಥಾನದ ತರುಣನಿಗೆ ಊರಿನಲ್ಲಿ ದಾರಿಯಿರಲಿಲ್ಲ. ಮುಂಬಯಿಯ ಸ್ಟುಡಿಯೋಗಳಲ್ಲಿ ಚಲನಚಿತ್ರ ಕ್ಯಾಮೆರಾದ ಪರಿಚಯ ಮಾಡಿಕೊಂಡ ರಂಗಾ, ಅಲ್ಲಿಂದ ಮದರಾಸಿಗೆ ಬಂದು ನೆಲೆ ನಿಂತರು.

ಮದರಾಸು ಆಗ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರಗಳಿಗೆ ಒಂದೇ ಕಾರ್ಖಾನೆ. ಜೆಮಿನಿ, ವಾಹಿನಿ, ಎವಿಎಂ ಮೊದಲಾದ ಸ್ಟುಡಿಯೋಗಳ ಒಂದು ಅಂಗಳದಲ್ಲಿ ತಮಿಳು, ಪಕ್ಕದ ಅಂಗಳದಲ್ಲಿ ತೆಲುಗು ಚಿತ್ರೀಕರಣ ನಡೆಯುತ್ತಿತ್ತು. 1934ರ ‘ಸತಿ ಸುಲೋಚನ’ದೊಂದಿಗೆ ಮಾತು ಕಲಿತಿದ್ದ ಕನ್ನಡ ಚಿತ್ರರಂಗ ಮುಂದಿನ ಒಂದೂವರೆ ದಶಕದಲ್ಲಿ ಕೈಬೆರಳೆಣಿಕೆಯ ಚಿತ್ರಗಳನ್ನಷ್ಟೇ ಕಂಡಿತ್ತು. ಹೀಗಾಗಿ ಕನ್ನಡಿಗರಾದ ರಂಗಾ ಅವರ ಕಸುಬು ಪಳಗಿದ್ದು ತೆಲುಗು, ತಮಿಳು ಚಿತ್ರಗಳಲ್ಲಿ.

ಛಾಯಾಗ್ರಾಹಕರಾಗಿ ಅವರಿಗೆ ಹೆಸರು ತಂದ ಚಿತ್ರಗಳಲ್ಲಿ ಒಂದು 1949ರ ‘ಲೈಲಾ ಮಜ್ನು’. ನಟಿ ಭಾನುಮತಿ ಹಾಗೂ ಅವರ ಪತಿ, ನಿರ್ದೇಶಕ ಪಿ.ಎಸ್. ರಾಮಕೃಷ್ಣ ರಾವ್ ಅವರ ಭರಣಿ ಸಂಸ್ಥೆಯ ಚಿತ್ರವದು. ಅರಬ್ಬೀ ಮರುಭೂಮಿಯ ಕಥೆಯನ್ನು ಮದರಾಸಿನ ಸ್ಟುಡಿಯೋದಲ್ಲಿ ನಂಬಿಸಬೇಕಾದ ಹೊಣೆಯ ದೊಡ್ಡ ಪಾಲು ಕಲಾನಿರ್ದೇಶಕನದು ಮತ್ತು ಕ್ಯಾಮೆರಾದವನದು.

ನಂತರ ಬಂದದ್ದು 1953ರ ‘ದೇವದಾಸು’. ಶರಚ್ಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿಯನ್ನು ವೇದಾಂತಂ ರಾಘವಯ್ಯ ಅವರು ತೆಲುಗು ಮತ್ತು ತಮಿಳಿನಲ್ಲಿ ಏಕಕಾಲಕ್ಕೆ ತೆರೆಗೆ ತಂದರು. ಅಕ್ಕಿನೇನಿ ನಾಗೇಶ್ವರ ರಾವ್ ಮತ್ತು ಸಾವಿತ್ರಿ ಅವರ ಬದುಕಿನ ದಿಕ್ಕನ್ನೇ ಬದಲಿಸಿದ ಚಿತ್ರವದು. ಕುಡಿತಕ್ಕೆ ಬಿದ್ದ ನಾಯಕನ ಕಣ್ಣು ಭಾರವಾಗಿ ಕಾಣಬೇಕೆಂದು ಬಹುಪಾಲು ಚಿತ್ರೀಕರಣವನ್ನು ರಾತ್ರಿಯ ಹೊತ್ತು ನಡೆಸಿದರೆಂಬ ಸಂಗತಿ ತೆಲುಗು ಚಿತ್ರರಂಗದಲ್ಲಿ ಮನೆಮಾತು. ನಿದ್ದೆಗೆಟ್ಟ ಮುಖವನ್ನು ನಟ ಕೊಟ್ಟನೇನೋ ಸರಿ. ಅದನ್ನು ಅರೆಬೆಳಕಿನಲ್ಲಿಟ್ಟು, ಕಣ್ಣ ಕೆಳಗಿನ ನೆರಳನ್ನು ಅಳಿಸದೆ ಉಳಿಸಿದ್ದು ಕ್ಯಾಮೆರಾದ ಕೆಲಸ. ಆ ಕಾಲದ ದಕ್ಷಿಣದ ಚಿತ್ರಗಳಲ್ಲಿ ತಾರೆಯ ಮುಖವನ್ನು ಸದಾ ತುಂಬು ಬೆಳಕಿನಲ್ಲಿ ತೋರಿಸುವುದೇ ರೂಢಿಯಾಗಿತ್ತು. ನಾಯಕನನ್ನು ಕತ್ತಲಿಗೆ ಬಿಟ್ಟುಕೊಡಲು ಧೈರ್ಯ ಬೇಕಿತ್ತು. ರಂಗಾ ಮುಂದೆ ಹತ್ತಾರು ಚಿತ್ರಗಳನ್ನು ನಿರ್ದೇಶಿಸಿದರೂ, ಕಲೆಗಾರಿಕೆಯ ದೃಷ್ಟಿಯಿಂದ ‘ದೇವದಾಸು’ವಿನ ಛಾಯಾಗ್ರಹಣವೇ ಅವರ ಅತ್ಯುತ್ತಮ ಕೆಲಸವೆಂದು ಹೇಳಿದರೆ ತಪ್ಪಾಗಲಾರದು.

ಕ್ಯಾಮೆರಾ ಬಿಟ್ಟು ಕುರ್ಚಿಗೆ

ಯಶಸ್ಸಿನ ತುತ್ತತುದಿಯಲ್ಲಿ ಛಾಯಾಗ್ರಾಹಕ ನಿರ್ದೇಶನಕ್ಕೆ ಇಳಿಯುವುದು ಜಗತ್ತಿನ ಚಿತ್ರರಂಗಗಳಲ್ಲಿ ಅಪರೂಪವಲ್ಲ, ಗೆದ್ದವರು ಅಪರೂಪ. ಬ್ರಿಟನ್ನಿನ ಜ್ಯಾಕ್ ಕಾರ್ಡಿಫ್ ಬಣ್ಣದ ಛಾಯಾಗ್ರಹಣದಲ್ಲಿ ಹೆಸರು ಮಾಡಿ, 1960ರಲ್ಲಿ ‘ಸನ್ಸ್ ಅಂಡ್ ಲವರ್ಸ್’ ನಿರ್ದೇಶಿಸಿದರು. ಫ್ರಾನ್ಸಿನ ಹೊಸ ಅಲೆಯ ಚಿತ್ರಗಳಿಗೆ ಕಣ್ಣಾಗಿದ್ದ ರವುಲ್ ಕುತಾರ್, ಗೊದಾರ್ ಅವರ ಚಿತ್ರಗಳಿಂದ ಪ್ರಸಿದ್ಧರಾದ ಮೇಲೆ 1970ರಲ್ಲಿ ವಿಯೆಟ್ನಾಂ ಯುದ್ಧದ ಹಿನ್ನೆಲೆಯ ‘ಹೋವಾ ಬಿನ್’ ನಿರ್ದೇಶಿಸಿ ಕಾನ್ ಉತ್ಸವದಲ್ಲಿ ಮೊದಲ ಕೃತಿಯ ಪ್ರಶಸ್ತಿ ಪಡೆದರು. ಇವರಿಬ್ಬರನ್ನೂ ಲೋಕ ಇಂದು ನೆನೆಯುವುದು ಮುಖ್ಯವಾಗಿ ಛಾಯಾಗ್ರಾಹಕರೆಂದೇ. ನಮ್ಮವರೇ ಆದ ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ ಚಿತ್ರಗಳ ಬೆಳಕು-ನೆರಳಿಗೆ ಕಾರಣರಾಗಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದ ಮೊದಲ ಛಾಯಾಗ್ರಾಹಕರೆನಿಸಿದರು. ಅವರ ಹೆಸರು ನಿಂತಿರುವುದು ಕ್ಯಾಮೆರಾದ ಮೇಲೆಯೇ. ರಂಗಾ ಹಿಡಿದ ಹಾದಿ ಇವರೆಲ್ಲರಿಗಿಂತ ಬೇರೆ. ಅವರು ನಿರ್ದೇಶಕರಾದದ್ದು ಮಾತ್ರವಲ್ಲ, ನಿರ್ಮಾಪಕರಾದರು, ಸ್ಟುಡಿಯೋ ಒಡೆಯರಾದರು, ಕೊನೆಗೆ ಫಿಲಂ ಸಂಸ್ಕರಣೆಯ ಪ್ರಯೋಗಾಲಯವನ್ನೂ ಕಟ್ಟಿದರು.

1954ರಲ್ಲಿ ತೆರೆಕಂಡ ತೆಲುಗಿನ ‘ಮಾ ಗೋಪಿ’ಯಿಂದ ಅವರ ನಿರ್ದೇಶನದ ಅಧ್ಯಾಯ ಆರಂಭವಾಯಿತು. ಅವರದೇ ವಿಕ್ರಂ ಪ್ರೊಡಕ್ಷನ್ಸ್ ಲಾಂಛನ, ಮುಂದೆ ಮದರಾಸಿನಲ್ಲಿ ಅವರದೇ ವಿಕ್ರಂ ಸ್ಟುಡಿಯೋ. ಎರಡು ವರ್ಷಗಳ ಬಳಿಕ ಬಂದ ‘ತೆನಾಲಿ ರಾಮಕೃಷ್ಣ’ ಅವರನ್ನು ದಕ್ಷಿಣದ ಪ್ರಮುಖ ನಿರ್ದೇಶಕರ ಸಾಲಿಗೆ ಸೇರಿಸಿತು. ತೆಲುಗಿನಲ್ಲಿ ರಾಮಕೃಷ್ಣನಾಗಿ ನಾಗೇಶ್ವರ ರಾವ್, ತಮಿಳಿನ ‘ತೆನಾಲಿ ರಾಮನ್’ನಲ್ಲಿ ಶಿವಾಜಿ ಗಣೇಶನ್, ಎರಡರಲ್ಲೂ ಕೃಷ್ಣದೇವರಾಯನಾಗಿ ಎನ್.ಟಿ. ರಾಮರಾವ್, ಜೊತೆಗೆ ಭಾನುಮತಿ. ಸಂಗೀತ ವಿಶ್ವನಾಥನ್-ರಾಮಮೂರ್ತಿ ಅವರದು. ವಿಜಯನಗರದ ಆಸ್ಥಾನವನ್ನು ಕಪ್ಪು-ಬಿಳುಪಿನಲ್ಲಿ ಕಂಡರಿಸಿದ ಈ ಚಿತ್ರಕ್ಕೆ ರಾಷ್ಟ್ರಮಟ್ಟದ ಚಲನಚಿತ್ರ ಪ್ರಶಸ್ತಿಗಳಲ್ಲೂ ಮನ್ನಣೆ ದೊರೆಯಿತು.

ಈ ಚಿತ್ರದಲ್ಲಿ ರಂಗಾ ಅನುಸರಿಸಿದ ವಿಧಾನ ಮುಂದೆ ಅವರ ಇಡೀ ವೃತ್ತಿಜೀವನದ ಆಧಾರವಾಯಿತು. ಒಂದೇ ಸೆಟ್ಟು, ಒಂದೇ ಉಡುಪು, ಒಂದೇ ದೀಪಗಳ ಜೋಡಣೆ. ಕಲಾವಿದರು ಮತ್ತು ಮಾತು ಮಾತ್ರ ಭಾಷೆಗೆ ತಕ್ಕಂತೆ ಬೇರೆ. ಒಂದು ಭಾಷೆಯ ದೃಶ್ಯ ಮುಗಿದೊಡನೆ ಅದೇ ಬೆಳಕಿನಲ್ಲಿ ಇನ್ನೊಂದು ಭಾಷೆಯ ಕಲಾವಿದರು ಬಂದು ನಿಲ್ಲುತ್ತಾರೆ. ಇದು ಡಬ್ಬಿಂಗ್ ಅಲ್ಲ, ಪುನರ್ನಿರ್ಮಾಣವೂ ಅಲ್ಲ. ಒಂದೇ ಒಲೆಯ ಮೇಲೆ ಎರಡು ಅಡುಗೆ. ಸ್ಟುಡಿಯೋದಲ್ಲಿ ಹೊತ್ತು ತಿನ್ನುವುದು ಅಭಿನಯವಲ್ಲ, ಪ್ರತಿ ದೃಶ್ಯಕ್ಕೂ ದೀಪ ಹೊಂದಿಸುವ ಕೆಲಸ. ಆ ಲೆಕ್ಕ ಛಾಯಾಗ್ರಾಹಕನಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ವಿಕ್ರಂ ಸಂಸ್ಥೆಯ ಹಲವು ಚಿತ್ರಗಳಲ್ಲಿ ಕ್ಯಾಮೆರಾ ಬಿ.ಎನ್. ಹರಿದಾಸ್ ಅವರ ಕೈಯಲ್ಲಿತ್ತಾದರೂ, ಆ ಲೆಕ್ಕ ಮಾತ್ರ ರಂಗಾ ಅವರ ತಲೆಯಲ್ಲಿಯೇ ಇತ್ತು.

ಕನ್ನಡಕ್ಕೆ ಬಂದದ್ದು

ಕನ್ನಡದಲ್ಲಿ ಅವರ ಪ್ರವೇಶ ‘ಭಕ್ತ ಮಾರ್ಕಂಡೇಯ’ದಿಂದ. 1956-57ರ ಅವಧಿಯಲ್ಲಿ ಕನ್ನಡದ ಜೊತೆಗೆ ನೆರೆಯ ಭಾಷೆಗಳಲ್ಲೂ ತಯಾರಾದ ಈ ಪೌರಾಣಿಕ ಚಿತ್ರದಲ್ಲಿ ನಾಗಯ್ಯ, ಪುಷ್ಪವಲ್ಲಿ ನಟಿಸಿದ್ದರು. 1956ರ ನವೆಂಬರಿನಲ್ಲಿ ಕನ್ನಡ ಮಾತನಾಡುವ ಪ್ರದೇಶಗಳೆಲ್ಲ ವಿಶಾಲ ಮೈಸೂರು ರಾಜ್ಯದೊಳಗೆ ಒಂದಾಗಿದ್ದವು. ಧಾರವಾಡ, ಕಲಬುರಗಿ, ಮಂಗಳೂರಿನ ಚಿತ್ರಮಂದಿರಗಳು ಮೈಸೂರು, ಬೆಂಗಳೂರಿನೊಂದಿಗೆ ಒಂದೇ ರಾಜ್ಯಕ್ಕೆ ಸೇರಿದಾಗ ಕನ್ನಡ ಚಿತ್ರಕ್ಕೂ ಹಿಂದಿಲ್ಲದ ವಿಸ್ತಾರ ದೊರೆಯುವ ಭರವಸೆ ಮೂಡಿತ್ತು.

1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ರಾಜ್‌ಕುಮಾರ್ ಮಹಿಷಾಸುರನಾದರು. ‘ಬೇಡರ ಕಣ್ಣಪ್ಪ’ದ ಭಕ್ತನನ್ನು ಐದು ವರ್ಷಗಳ ಬಳಿಕ ಕೊಂಬು, ಗದೆಗಳ ಅಸುರನನ್ನಾಗಿ ಕಂಡ ಪ್ರೇಕ್ಷಕರು ಅವನನ್ನೂ ಒಪ್ಪಿಕೊಂಡರು. ರಂಗಭೂಮಿಯಿಂದ ಬಂದ ಆ ದೇಹ, ಆ ಕಂಠ ಅಸುರನ ಆರ್ಭಟಕ್ಕೆ ಹೇಳಿ ಮಾಡಿಸಿದಂತಿದ್ದವು. ಉದಯಕುಮಾರ್, ಸಾಹುಕಾರ್ ಜಾನಕಿ, ನಾಗಯ್ಯ ಜೊತೆಗಿದ್ದರು. ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ರಾಜ್‌ಕುಮಾರ್ ಎಸ್. ಜಾನಕಿ ಅವರೊಂದಿಗೆ ಯುಗಳಗೀತೆ ಹಾಡಿದ್ದು ಈ ಚಿತ್ರದಲ್ಲಿ. ಗಾಯಕರಾಗಿ ಅವರು ನೆಲೆಗೊಂಡದ್ದು ಬಹುಕಾಲದ ನಂತರವಾದ್ದರಿಂದ ಈ ಹಾಡಿಗೆ ಬೇರೆಯೇ ಮಹತ್ವವಿದೆ. ಚಿತ್ರ ಹಿಂದಿಯೂ ಸೇರಿದಂತೆ ಹಲವು ಭಾಷೆಗಳಿಗೆ ಡಬ್ ಆಗಿ ದೇಶದ ಉದ್ದಗಲಕ್ಕೂ ಸಂಚರಿಸಿತು. ಕನ್ನಡ ಚಿತ್ರ ಹೊರಗೆ ಹೋಗಿ ಹಣ ತರುವುದೆಂದರೆ ಆಗ ಊಹೆಗೂ ನಿಲುಕದ ಮಾತು.

ಪೌರಾಣಿಕ ಚಿತ್ರಗಳ ಬಗ್ಗೆ ಇಂದಿನವರಿಗೆ ಅಷ್ಟೇನೂ ಗೌರವವಿಲ್ಲ. ಆದರೆ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದೇವರು ಪ್ರತ್ಯಕ್ಷವಾಗಬೇಕು, ಅಸುರ ರೂಪ ಬದಲಿಸಬೇಕು, ಬಾಣಕ್ಕೆ ಬಾಣ ಡಿಕ್ಕಿ ಹೊಡೆಯಬೇಕು ಎಂದರೆ ಎಲ್ಲವೂ ಕ್ಯಾಮೆರಾದೊಳಗೇ ಆಗಬೇಕಿತ್ತು. ಮಸೂರದ ಅರ್ಧ ಭಾಗವನ್ನು ಮುಚ್ಚಿ ಚಿತ್ರೀಕರಿಸಿ, ಫಿಲಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ತೆರೆದು ಅದೇ ಫಿಲಮಿನ ಮೇಲೆ ಮತ್ತೊಮ್ಮೆ ಚಿತ್ರೀಕರಿಸುವ ಕೆಲಸದಲ್ಲಿ ಕೂದಲೆಳೆಯಷ್ಟು ಎಣಿಕೆ ತಪ್ಪಿದರೂ ದಿನದ ದುಡಿಮೆ ನೀರುಪಾಲು. ಇಂತಹ ಚಿತ್ರಗಳನ್ನು ನಿರ್ದೇಶಿಸುವವನಿಗೆ ಕ್ಯಾಮೆರಾದ ಒಳಹೊರಗು ತಿಳಿದಿರುವುದು ದೊಡ್ಡ ಅನುಕೂಲ. ರಂಗಾ ಪುರಾಣಕ್ಕೆ ಮತ್ತೆ ಮತ್ತೆ ಮರಳಿದ್ದಕ್ಕೆ ಮಾರುಕಟ್ಟೆಯಷ್ಟೇ ಈ ಅನುಕೂಲವೂ ಕಾರಣವಿರಬೇಕು. 1960ರಲ್ಲಿ ಅವರು ನಿರ್ಮಿಸಿದ ‘ದಶಾವತಾರ’ವನ್ನು ಪಿ.ಜಿ. ಮೋಹನ್ ನಿರ್ದೇಶಿಸಿದರು. ರಾಜ್‌ಕುಮಾರ್, ಉದಯಕುಮಾರ್ ಅದರಲ್ಲೂ ಎದುರುಬದುರು.

ಈ ನಡುವೆ ತಮಿಳು, ತೆಲುಗಿನ ಕೆಲಸವೂ ನಿಂತಿರಲಿಲ್ಲ. 1962ರಲ್ಲಿ ಶಿವಾಜಿ ಗಣೇಶನ್, ಜಮುನಾ ನಟಿಸಿದ ‘ನಿಚ್ಚಯ ತಾಂಬೂಲಂ’ ಅವರ ನಿರ್ದೇಶನದಲ್ಲೇ ಬಂದಿತು.

ಬಣ್ಣದ ಲೆಕ್ಕ

ಬಣ್ಣದ ವಿಷಯದಲ್ಲಿ ಕನ್ನಡ ದಕ್ಷಿಣದ ಭಾಷೆಗಳ ಪೈಕಿ ಕೊನೆಯದು. ತಮಿಳಿನಲ್ಲಿ 1956ರಲ್ಲೇ ಸೇಲಂನ ಮಾಡರ್ನ್ ಥಿಯೇಟರ್ಸ್ ಸಂಸ್ಥೆ ಗೇವಾ ಕಲರ್‌ನಲ್ಲಿ ಆಲಿಬಾಬನ ಕಥೆಯನ್ನು ತೆರೆಗೆ ತಂದಿತ್ತು. ಮಲಯಾಳಂ 1961ರಲ್ಲಿ ‘ಕಂಡಂ ಬೆಚ್ಚ ಕೋಟ್ಟು’ ಮೂಲಕ ಬಣ್ಣ ಕಂಡಿತು. ತೆಲುಗಿನ ಮೊದಲ ವರ್ಣಚಿತ್ರ ‘ಲವಕುಶ’ ತೆರೆಕಂಡದ್ದು 1963ರಲ್ಲಿ. ಹಣದ ಮುಗ್ಗಟ್ಟಿನಿಂದ ಅದು ವರ್ಷಗಟ್ಟಲೆ ನಿಂತು, ಆರಂಭಿಸಿದ ಸಿ. ಪುಲ್ಲಯ್ಯನವರ ಬದಲು ಅವರ ಮಗ ಸಿ.ಎಸ್. ರಾವ್ ಮುಗಿಸುವಂತಾಯಿತು. ಎನ್.ಟಿ.ಆರ್. ರಾಮನಾಗಿದ್ದ, ತೆಲುಗಿನಂತಹ ದೊಡ್ಡ ಮಾರುಕಟ್ಟೆಯ ಚಿತ್ರಕ್ಕೇ ಆ ಗತಿಯಾದರೆ, ವರ್ಷಕ್ಕೆ ಇಪ್ಪತ್ತರ ಆಸುಪಾಸು ಚಿತ್ರಗಳನ್ನು ಕಾಣುತ್ತಿದ್ದ ಕನ್ನಡದಲ್ಲಿ ಬಣ್ಣಕ್ಕೆ ಕೈಹಾಕುವವರು ಯಾರು?

ತೊಡಕು ಹಣದ್ದು ಮಾತ್ರವಾಗಿರಲಿಲ್ಲ. ಬಣ್ಣದ ನೆಗೆಟಿವ್ ಪೂರ್ತಿಯಾಗಿ ಆಮದಿನ ವಸ್ತು. ಐವತ್ತರ ದಶಕದ ಕೊನೆಯಿಂದ ವಿದೇಶಿ ವಿನಿಮಯದ ಬಿಕ್ಕಟ್ಟು ದೇಶವನ್ನು ಕಾಡುತ್ತಿತ್ತು. ಕಚ್ಚಾ ಫಿಲಮಿನ ಆಮದಿಗೂ ಸರ್ಕಾರದ ಹಿಡಿತವಿತ್ತು. ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾದರೂ ಉತ್ಪಾದನೆ ಆರಂಭಿಸಿದ್ದು 1967ರಲ್ಲಿ.

ಇನ್ನೊಂದು ತೊಡಕು ಬೆಳಕಿನದು. ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆ 1950ರಲ್ಲಿ ಬಳಕೆಗೆ ತಂದ ಈಸ್ಟ್‌ಮನ್ ಕಲರ್, ಮೂರು ಪ್ರತ್ಯೇಕ ನೆಗೆಟಿವ್‌ಗಳನ್ನು ಬೇಡುತ್ತಿದ್ದ ಭಾರಿ ಟೆಕ್ನಿಕಲರ್ ಕ್ಯಾಮೆರಾದ ಕಾಟವನ್ನು ತಪ್ಪಿಸಿತ್ತು. ಕಪ್ಪು-ಬಿಳುಪಿಗೆ ಬಳಸುವ ಕ್ಯಾಮೆರಾದಲ್ಲೇ ಒಂದೇ ಫಿಲಮಿನಲ್ಲಿ ಮೂರೂ ಬಣ್ಣ ಹಿಡಿಯಬಹುದಿತ್ತು. ಆದರೆ ಅರವತ್ತರ ದಶಕದ ಆರಂಭದಲ್ಲಿ ಅದರ ವೇಗ ಕೇವಲ 50 ಎ.ಎಸ್.ಎ. ಅದೇ ಹೊತ್ತಿಗೆ ದೊರೆಯುತ್ತಿದ್ದ ವೇಗದ ಕಪ್ಪು-ಬಿಳುಪು ಫಿಲಮಿಗೆ ಹೋಲಿಸಿದರೆ ನಾಲ್ಕೈದು ಪಟ್ಟು ಹೆಚ್ಚು ಬೆಳಕು ಬೇಕು. ಅಂದರೆ ಹೆಚ್ಚು ದೀಪ, ಹೆಚ್ಚು ವಿದ್ಯುತ್ತು, ಸೆಟ್ಟಿನೊಳಗೆ ಹೆಚ್ಚು ಧಗೆ. ಆ ಧಗೆಗೆ ಕರಗುವ ಬಣ್ಣದ ಪ್ರಸಾಧನ. ಬೆಳಕಿನ ಬಿಸಿಲು-ಕೆಂಪಿನ ಪ್ರಮಾಣ ತಪ್ಪಿದರೆ ಮುಖ ಅರಿಶಿನಕ್ಕೋ ನೀಲಿಗೋ ತಿರುಗಿಬಿಡುತ್ತದೆ. ಕಪ್ಪು-ಬಿಳುಪಿನಲ್ಲಿ ಕೆಂಪು ಸೀರೆ, ಹಸಿರು ಸೀರೆ ಎರಡೂ ಬೂದು. ಬಣ್ಣದಲ್ಲಿ ಗೋಡೆ, ಸೀರೆ, ಹೂವು ಒಂದೊಂದಕ್ಕೂ ಮೊದಲೇ ತೀರ್ಮಾನ ಬೇಕು.

ರಂಗಾ ಈ ಎಲ್ಲ ತೊಡಕುಗಳನ್ನು ಒಂದೇ ಕಡೆಯಿಂದ ಬಿಡಿಸಬಲ್ಲ ಸ್ಥಾನದಲ್ಲಿದ್ದರು. ಸ್ಟುಡಿಯೋ ಅವರದು, ದೀಪ ಅವರದು, ಬೆಳಕಿನ ಅರಿವು ಅವರದು. ಉಳಿದ ಹಣದ ಹೊರೆಯನ್ನು ಹಳೆಯ ವಿಧಾನ ತಗ್ಗಿಸಿತು. ತೆಲುಗಿನಲ್ಲಿ ನಾಗೇಶ್ವರ ರಾವ್ ಜಕ್ಕನನಾಗಿ, ಕನ್ನಡದಲ್ಲಿ ಕಲ್ಯಾಣಕುಮಾರ್ ಜಕಣಾಚಾರಿಯಾಗಿ, ಎರಡರಲ್ಲೂ ನಾಯಕಿಯಾಗಿ ಬಿ. ಸರೋಜಾದೇವಿ, ಸಾಲೂರು ರಾಜೇಶ್ವರ ರಾವ್ ಅವರ ಸಂಗೀತ. ತೆಲುಗಿನ ದೊಡ್ಡ ಮಾರುಕಟ್ಟೆ ವೆಚ್ಚದ ದೊಡ್ಡ ಪಾಲು ಹೊತ್ತುದರಿಂದಲೇ ಕನ್ನಡಕ್ಕೆ ಬಣ್ಣ ಎಟುಕಿತು ಎನ್ನಬೇಕು. ಸ್ವಾಭಿಮಾನಕ್ಕೆ ಈ ಮಾತು ತುಸು ಕಹಿ ಎನಿಸಬಹುದು. ಆದರೆ ಕಥೆ ಮಾತ್ರ ಅಪ್ಪಟ ಕನ್ನಡದ್ದು: ಬೇಲೂರಿನ ದೇಗುಲದ ಕಥೆಯನ್ನು ತೆಲುಗಿನ ತಾರೆ ಅಭಿನಯಿಸಬೇಕಾಯಿತೇ ಹೊರತು, ತೆಲುಗಿನ ಕಥೆಯನ್ನು ಕನ್ನಡಕ್ಕೆ ಎರವಲು ತಂದದ್ದಲ್ಲ.

ಕಲ್ಯಾಣಕುಮಾರ್ ಆಯ್ಕೆಯೂ ಗಮನಾರ್ಹ. ಕುಮಾರತ್ರಯರಲ್ಲಿ ಬಣ್ಣದಲ್ಲಿ ಮೊದಲು ಮಿಂಚಿದ್ದು ರಾಜ್‌ಕುಮಾರ್ ಅಲ್ಲ. ರಾಜ್‌ಕುಮಾರ್ ಅವರನ್ನು ವರ್ಣದಲ್ಲಿ ಕಾಣಲು ಪ್ರೇಕ್ಷಕರು 1970ರ ‘ಶ್ರೀಕೃಷ್ಣದೇವರಾಯ’ದವರೆಗೆ ಕಾಯಬೇಕಾಯಿತು. ಕಲ್ಯಾಣಕುಮಾರ್ ಅವರ ಮೃದು ಮಾತು, ಒಳಗೇ ಬೇಯುವ ಅಭಿನಯ ಅಪವಾದಕ್ಕೆ ನೊಂದು ಮನೆ ಬಿಟ್ಟು ನಡೆಯುವ ಶಿಲ್ಪಿಗೆ ಒಪ್ಪಿದವು.

ಇತಿಹಾಸದ ದೃಷ್ಟಿಯಿಂದ ಚಿತ್ರಕ್ಕೆ ಆಧಾರ ಕಡಿಮೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಜಕಣಾಚಾರಿಯ ಹೆಸರು ಅಲ್ಲಿಲ್ಲ. ಶಿಲ್ಪಿಗೆ ಕೈ ಮರಳಿ ಬಂದ ಸ್ಥಳವೆಂದು ನಂಬಲಾಗುವ ತುಮಕೂರು ಬಳಿಯ ಕೈದಾಳದ ದೇವಾಲಯವನ್ನು ಗೂಳಿಬಾಚಿ ಎಂಬ ಸಾಮಂತ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಇದನ್ನೆಲ್ಲ ವಿದ್ವಾಂಸರು ಬಲ್ಲರು. ಆದರೂ ಜನಮನದಲ್ಲಿ ಹೊಯ್ಸಳ ಶಿಲ್ಪವೆಂದರೆ ಜಕಣಾಚಾರಿಯೇ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ನೀಡುವ ಪ್ರಶಸ್ತಿಗೂ ಅವನದೇ ಹೆಸರು. ದಂತಕಥೆ ಇಷ್ಟು ಗಟ್ಟಿಯಾಗಿ ಬೇರೂರಲು ಅಜ್ಜಿಕಥೆಯ ಜೊತೆಗೆ ಈ ಚಿತ್ರದ ಪಾಲೂ ಸಣ್ಣದಲ್ಲ.

ಮಲೆನಾಡಿನ ಹೋಬಳಿಗಳಲ್ಲಿ ಆಗ ಸಿನಿಮಾ ಎಂದರೆ ಟೂರಿಂಗ್ ಟಾಕೀಸಿನ ಡೇರೆ. ಜಡಿಮಳೆ ನಿಂತು, ಕಾಫಿ ಕೊಯ್ಲು ಮುಗಿದು, ಕೂಲಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಹಳೆಯ ಪ್ರಿಂಟುಗಳು ಸುತ್ತಿ ಬಳಸಿ ಅಲ್ಲಿಗೆ ಬರುತ್ತಿದ್ದವು. ಗೀರು ಬಿದ್ದ ಪ್ರಿಂಟಿನಲ್ಲೂ ಬಣ್ಣ ಬಣ್ಣವೇ. ಕಲ್ಲಿನ ಶಿಲ್ಪಕ್ಕೆ ಬಣ್ಣವೇಕೆ ಎಂಬ ಪ್ರಶ್ನೆ ನಗರದ ವಿಮರ್ಶಕನಿಗೆ ಹೊಳೆಯಬಹುದಾದದ್ದು. ಡೇರೆಯ ನೆಲದ ಮೇಲೆ ಕುಳಿತವನಿಗಲ್ಲ.

ಮಿತಿಗಳು

1964 ಮತ್ತು 1965ರ ಎರಡೇ ವರ್ಷಗಳಲ್ಲಿ ‘ಜಕಣಾಚಾರಿ’ಯ ಜೊತೆಗೆ ‘ಪ್ರತಿಜ್ಞೆ’, ‘ಚಂದ್ರಹಾಸ’, ‘ಮಹಾಸತಿ ಅನಸೂಯ’ ಚಿತ್ರಗಳನ್ನು ರಂಗಾ ಕನ್ನಡದಲ್ಲಿ ನಿರ್ದೇಶಿಸಿದರು; ಮೂರರಲ್ಲೂ ರಾಜ್‌ಕುಮಾರ್. ಲಕ್ಷ್ಮೀಶನ ಜೈಮಿನಿ ಭಾರತದಿಂದ ಮನೆಮನೆಗೆ ಪರಿಚಿತವಾಗಿದ್ದ ಚಂದ್ರಹಾಸನ ಕಥೆ, ವೃತ್ತಿರಂಗಭೂಮಿಯ ಪ್ರೇಕ್ಷಕರಿಗೂ ಹಳೆಯ ನೆಂಟ. 1967ರಲ್ಲಿ ‘ಪಾರ್ವತಿ ಕಲ್ಯಾಣ’, ಅದೇ ವರ್ಷ ತೆಲುಗಿನಲ್ಲಿ ‘ವಸಂತಸೇನ’ ಬಂದವು.

ಇಷ್ಟು ವೇಗದಲ್ಲಿ ಚಿತ್ರಗಳನ್ನು ಹೊರತರುವ ನಿರ್ದೇಶಕನಿಂದ ಪ್ರತಿ ಚಿತ್ರದಲ್ಲೂ ಹೊಸತನವನ್ನು ನಿರೀಕ್ಷಿಸಲಾಗದು. ರಂಗಾ ಅವರ ಚಿತ್ರಗಳಲ್ಲಿ ಚೌಕಟ್ಟು ಅಚ್ಚುಕಟ್ಟು, ಬೆಳಕು ಶುದ್ಧ, ಸೆಟ್ಟು ಶ್ರೀಮಂತ. ಆದರೆ ಪಾತ್ರಗಳು ಬಹುಮಟ್ಟಿಗೆ ಕಂಪನಿ ನಾಟಕದ ರೀತಿಯಲ್ಲಿ ಎದುರಿಗೆ ನಿಂತು ಮಾತನಾಡುತ್ತವೆ. ಕ್ಯಾಮೆರಾ ಅವರನ್ನು ಚೆಲುವಾಗಿ ತೋರಿಸುತ್ತದೆ, ಅವರ ಒಳಗನ್ನು ಅಷ್ಟಾಗಿ ಕೆದಕುವುದಿಲ್ಲ. ‘ದೇವದಾಸು’ವಿನಲ್ಲಿ ಮುಖವನ್ನು ಕತ್ತಲಿಗೆ ಬಿಟ್ಟ ಛಾಯಾಗ್ರಾಹಕ, ತಾನೇ ಬಂಡವಾಳ ಹೂಡಿದಾಗ ಆ ಧೈರ್ಯವನ್ನು ಅಷ್ಟಾಗಿ ತೋರಲಿಲ್ಲ. ಎರಡು ಮಾರುಕಟ್ಟೆಗಳಿಗೆ ಒಪ್ಪಬೇಕಾದ ಚಿತ್ರ ಎರಡಕ್ಕೂ ಪರಿಚಿತವಾದದ್ದನ್ನೇ ಹಿಡಿಯಬೇಕಾಗುತ್ತದೆ. ಪುರಾಣ, ಚರಿತ್ರೆ, ದಂತಕಥೆಗಳು ಗಡಿ ದಾಟುತ್ತವೆ. ಒಂದು ಊರಿನ ಒಂದು ಕೇರಿಯ ಬದುಕು ಸುಲಭವಾಗಿ ದಾಟುವುದಿಲ್ಲ. ಕನ್ನಡಕ್ಕೆ ಬಣ್ಣ ಕೊಟ್ಟ ಲೆಕ್ಕಾಚಾರವೇ ಅವರ ನಿರ್ದೇಶನಕ್ಕೆ ಬೇಲಿಯೂ ಆಯಿತು.

ಕಾಲ ಬದಲಾಗುತ್ತಿತ್ತು. 1970ರಲ್ಲಿ ಬಂದ ‘ಸಂಸ್ಕಾರ’ ಕಪ್ಪು-ಬಿಳುಪಿನದು. ಮಲೆನಾಡಿನ ಅಗ್ರಹಾರದ ಸಹಜ ಬೆಳಕನ್ನು ಅದರಲ್ಲಿ ಹಿಡಿದವರು ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್, ಅವರೂ ಮುಂದೆ ತಮ್ಮ ದೇಶದಲ್ಲಿ ನಿರ್ದೇಶಕರೆಂದು ಹೆಸರಾದರು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದುರ್ಗದ ಬಂಡೆಗಳನ್ನು ಬಣ್ಣದಲ್ಲಿ ತೋರಿಸಿ, ವರ್ಣ ಎನ್ನುವುದು ಅರಮನೆಯ ಸೆಟ್ಟಿಗೆ ಮೀಸಲಲ್ಲ ಎಂದು ಸಾಬೀತುಪಡಿಸಿತು. ಸ್ಟುಡಿಯೋದ ನಾಲ್ಕು ಗೋಡೆಗಳೊಳಗೆ ಬೆಳಕನ್ನು ಕಟ್ಟುವ ವಿದ್ಯೆಯಲ್ಲಿ ಬೆಳೆದ ರಂಗಾ ಅವರ ಪೀಳಿಗೆಗೆ ಈ ಎರಡು ದಾರಿಗಳೂ ಹೊಸವು.

ಪ್ರಯೋಗಾಲಯದ ದಿನಗಳು

ಕನ್ನಡ ಚಿತ್ರರಂಗ ಮದರಾಸನ್ನು ಬಿಟ್ಟು ಬೆಂಗಳೂರಿಗೆ ಬರಬೇಕೆಂಬ ಕೂಗು ಅರವತ್ತರ ದಶಕದಿಂದಲೇ ಬಲಗೊಂಡಿತ್ತು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ, ಬೆಂಗಳೂರಿನಲ್ಲಿ ಕಂಠೀರವ, ಚಾಮುಂಡೇಶ್ವರಿ ಸ್ಟುಡಿಯೋಗಳು ತಲೆ ಎತ್ತಿದ್ದವು. ಚಿತ್ರೀಕರಣ ಇಲ್ಲಿ ನಡೆದರೂ ಬಣ್ಣದ ನೆಗೆಟಿವ್ ಸಂಸ್ಕರಣೆಗೆ ಮದರಾಸಿನ ರೈಲು ಹತ್ತಲೇಬೇಕಿತ್ತು. ಇಂದು ತೆಗೆದ ದೃಶ್ಯ ಹೇಗೆ ಬಂದಿದೆ ಎಂದು ತಿಳಿಯಲು ದಿನಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸೆಟ್ಟು ಕಳಚಿರುತ್ತದೆ, ಕಲಾವಿದರು ಚದುರಿರುತ್ತಾರೆ. ಬಣ್ಣದ ಪ್ರಯೋಗಾಲಯವೆಂದರೆ ರಾಸಾಯನಿಕದ ಉಷ್ಣತೆ ಒಂದು ಡಿಗ್ರಿ ಏರುಪೇರಾದರೂ ನಿರ್ಮಾಪಕನ ಲಕ್ಷಗಳು ಕೊಚ್ಚಿಹೋಗುವ ಜಾಗ. ಅಂತಹ ಹೊಣೆಯ ಕೆಲಸಕ್ಕೆ ಬೆಂಗಳೂರಿನಲ್ಲಿ ಕೈಹಾಕಿದವರು ರಂಗಾ. ಅವರು ಸ್ಥಾಪಿಸಿದ ವಸಂತ್ ಕಲರ್ ಲ್ಯಾಬೊರೇಟರೀಸ್ ಹೆಸರು ಕನ್ನಡ ಚಿತ್ರಗಳ ಶೀರ್ಷಿಕೆಯಲ್ಲಿ ಕಾಣಿಸಿಕೊಳ್ಳತೊಡಗಿತು. ತೆರೆಯ ಮೇಲೆ ಅರೆ ನಿಮಿಷವೂ ನಿಲ್ಲದ ಆ ಸಾಲನ್ನು ಓದಿದ ಪ್ರೇಕ್ಷಕರು ಎಷ್ಟು ಮಂದಿಯೋ. ಅವರ ಸ್ವಂತ ಚಿತ್ರಗಳಿಗಿಂತ ಕನ್ನಡ ಉದ್ಯಮಕ್ಕೆ ಹೆಚ್ಚು ಒದಗಿದ್ದು ಬಹುಶಃ ಈ ಪ್ರಯೋಗಾಲಯವೇ.

ನಿರ್ದೇಶನವನ್ನು ಅವರು ಪೂರ್ತಿ ಬಿಟ್ಟಿರಲಿಲ್ಲ. ಎರಡೂವರೆ ದಶಕಗಳ ಹಿಂದಿನ ತೆನಾಲಿ ರಾಮಕೃಷ್ಣ ಅವರ ಮನಸ್ಸಿನಿಂದ ಮರೆಯಾಗಿರಲಿಲ್ಲವೆಂದು ಕಾಣುತ್ತದೆ. ನಾಗೇಶ್ವರ ರಾವ್‌ಗೆ ತೆಲುಗಿನಲ್ಲಿ, ಶಿವಾಜಿಗೆ ತಮಿಳಿನಲ್ಲಿ ಕೊಟ್ಟಿದ್ದ ಪಾತ್ರವನ್ನು 1982ರಲ್ಲಿ ‘ಹಾಸ್ಯರತ್ನ ರಾಮಕೃಷ್ಣ’ ಚಿತ್ರದಲ್ಲಿ ಅನಂತ್‌ನಾಗ್ ಅವರಿಗೆ ಕೊಟ್ಟು ಕನ್ನಡದಲ್ಲಿ ತೆರೆಗೆ ತಂದರು. ಕೃಷ್ಣದೇವರಾಯನ ಆಸ್ಥಾನ ಈ ಸಲ ಬಣ್ಣದಲ್ಲಿ ಬೆಳಗಿತು. ಹೊಸ ಪೀಳಿಗೆಯ ನಟನ ಲವಲವಿಕೆ ಹಳೆಯ ಶೈಲಿಯ ಕಥನಕ್ಕೆ ಜೀವ ತುಂಬಿತು. ರಂಗಾ ಅವರ ಕನ್ನಡ ಚಿತ್ರಗಳಲ್ಲಿ ಇಂದಿಗೂ ಹಾಯಾಗಿ ನೋಡಿಸಿಕೊಳ್ಳುವುದು ಇದೇ ಇರಬೇಕು.

ಕೊನೆಯ ವರ್ಷಗಳನ್ನು ಅವರು ಕಳೆದದ್ದು ಚೆನ್ನೈನಲ್ಲಿ. ಉದ್ಯಮ ಬೆಂಗಳೂರಿಗೆ ಬಂದು ನೆಲೆಸಿದ ಮೇಲೂ ಅವರ ಮನೆ ಅಲ್ಲೇ ಉಳಿಯಿತು. ನಾಲ್ಕು ಭಾಷೆಗಳ ಚಿತ್ರರಂಗಗಳು ಬೇರೆ ಬೇರೆ ಊರುಗಳಿಗೆ ಚದುರಿದಾಗ, ಎಲ್ಲರಿಗೂ ಸೇರಿದ್ದವರು ಯಾರಿಗೂ ಸೇರದವರಂತಾಗುವುದು ಮದರಾಸು ಕಾಲದ ಅನೇಕ ತಂತ್ರಜ್ಞರ ಪಾಡು. 2010ರ ಡಿಸೆಂಬರಿನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ರಂಗಾ ಚೆನ್ನೈನಲ್ಲಿ ನಿಧನರಾದರು. ಚಿತ್ರಮಂದಿರಗಳಲ್ಲಿ ಫಿಲಂ ಸುರುಳಿಗಳ ಜಾಗಕ್ಕೆ ಡಿಜಿಟಲ್ ಪ್ರದರ್ಶನ ಬರತೊಡಗಿದ್ದ ದಿನಗಳವು. ಮುಂದಿನ ಕೆಲವೇ ವರ್ಷಗಳಲ್ಲಿ ನೆಗೆಟಿವ್ ತೊಳೆಯುವ ಪ್ರಯೋಗಾಲಯಗಳು ದೇಶದೆಲ್ಲೆಡೆ ಒಂದೊಂದಾಗಿ ಬಾಗಿಲು ಮುಚ್ಚಿದವು.